ಬಿಸಿಲಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿ

"ಅವ್ವಾ, ಹನ್ನೆರಡು ವರ್ಷದಿಂದ ಕಣ್ಣು ಮುಚ್ಚಿ ಕೂತಿದ್ದೇನೆ. ಇನ್ನೊಂದೇ ಹೆಜ್ಜೆ ಮುಂದೆ ಹೋದರೆ ದರ್ಶನವಾದೀತು ಅನ್ನಿಸುತ್ತದೆ. ಹೋಗುತ್ತೇನೆ, ಅದು ದೂರ ಸರಿಯುತ್ತದೆ. ಎಷ್ಟು ಹತ್ತಿರ ಹೋದರೆ ಕಂಡೀತು?"

ಶಿಷ್ಯ ಹೀಗೆ ಕೇಳಿದಾಗ ಗುರುತಾಯಿ ಬಾಳವ್ವ ಬತ್ತಿ ಹೊಸೆಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ಹತ್ತಿರ ಹೋದವನೊಬ್ಬನ ಕತೆ ಇದೆ, ಕೇಳು ಮಗಾ."

ಒಂದು ಮರಳುಗಾಡು. ಅಲ್ಲಿನ ಪ್ರಾಣಿಪಕ್ಷಿ ಉಳಿಯಲಿ ಎಂದು ಸರ್ಕಾರ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿ ಕಾಯುತ್ತಿತ್ತು. ಅಲ್ಲಿಗೆ ಒಬ್ಬ ಫೋಟೋ ತೆಗೆಯುವವನು ಬಂದ. ಗಾಳಿ ಎಳೆದ ಮರಳಿನ ಗೆರೆಗಳನ್ನು ತೆಗೆದ. ಓಡುವ ಜಿಂಕೆಯನ್ನು, ಕೂತ ನರಿಯನ್ನು ತೆಗೆದ. ಆದರೆ ಅವನು ಬಂದದ್ದು ಒಂದು ಹಕ್ಕಿಗಾಗಿ. ನಮ್ಮ ಕಡೆ ಎರೆಭೂತ ಅನ್ನುತ್ತಾರಲ್ಲ, ಬಯಲಲ್ಲಿ ನಡೆದಾಡುವ ದೊಡ್ಡ ಹಕ್ಕಿ, ಅದೇ. ಈಗ ಲೋಕದಲ್ಲಿ ಕೆಲವೇ ಕೆಲವು ಉಳಿದಿವೆ. ಪಾಪ, ವರ್ಷಕ್ಕೆ ಒಂದೇ ಮೊಟ್ಟೆ. ಗೂಡೂ ಇಲ್ಲ, ಬರಿ ನೆಲದ ಮೇಲೆ ಇಡುತ್ತದೆ. ಮೂರು ಬೇಸಿಗೆ ಅಲೆದರೂ ಅವನಿಗೆ ಅದು ಸಿಕ್ಕಿರಲಿಲ್ಲ.

ಒಂಟೆ ಕಾಯುವ ಹೆಂಗಸೊಬ್ಬಳು ಅದನ್ನು ದೂರದಿಂದ ತೋರಿಸಿದಳು. "ಈ ಬೋರೆ ಗಿಡ ದಾಟಬೇಡ ಅಣ್ಣಾ. ನಾವೂ ದಾಟುವುದಿಲ್ಲ. ಒಂಟೆ ಬಂದರೆ ಅದು ಹೆದರುವುದಿಲ್ಲ, ಎರಡು ಕಾಲಿನವರನ್ನು ಕಂಡರೆ ಹೆದರುತ್ತದೆ," ಎಂದು ಹೇಳಿ ಒಂಟೆಗಳ ಹಿಂದೆ ಹೋದಳು.

ನೆತ್ತಿಯ ಮೇಲೆ ಸೂರ್ಯ. ಹಕ್ಕಿ ಎರಡೂ ರೆಕ್ಕೆ ಬಿಚ್ಚಿ, ಬಾಯಿ ತೆರೆದು ನಿಂತಿತ್ತು. ಅವನ ಮೈ ಜುಮ್ಮೆಂದಿತು. ಕುಣಿಯುತ್ತಿದೆ ಅಂದುಕೊಂಡ. ಅದರ ಮುಖ ಬೇಕು, ಕಣ್ಣು ಬೇಕು ಅನ್ನಿಸಿತು. ಗಿಡ ದಾಟಿದ. ಒಂದು ಹೆಜ್ಜೆ ಇಟ್ಟ, ಹಕ್ಕಿ ಕತ್ತು ಎತ್ತಿತು. ಇನ್ನೊಂದು ಇಟ್ಟ, ರೆಕ್ಕೆ ಮಡಿಸಿತು. ಇನ್ನೊಂದೇ ಅಂದುಕೊಂಡು ಮತ್ತೂ ಹೋದ. ಹಕ್ಕಿ ನಡೆದುಹೋಯಿತು.

ಅದು ನಿಂತಿದ್ದ ಕಡೆ ಒಂದು ಮೊಟ್ಟೆ ಬಿಸಿಲಿಗೆ ಬಿದ್ದಿತ್ತು.

ಅವನಿಗೆ ಆಗ ತಿಳಿಯಿತು. ಇಷ್ಟು ಹೊತ್ತೂ ಆ ತಾಯಿ ನೆರಳು ಹಿಡಿದು ನಿಂತಿದ್ದಳು.

ಕಾಲಿಟ್ಟರೆ ಬೊಬ್ಬೆ ಏಳುವ ಮರಳು. ಅವನು ಓಡಿದ. ಅಂಗಿ ಬಿಚ್ಚಿ, ಎರಡೂ ಕೈ ಚಾಚಿ ಮೊಟ್ಟೆಯ ಮೇಲೆ ಹಿಡಿದ. ಹಕ್ಕಿ ದೂರದಲ್ಲಿ ನಿಂತು ನೋಡಿತು, ಬರಲಿಲ್ಲ. ಅವನು ಅಲ್ಲಿದ್ದರೆ ತಾಯಿ ಬರುವುದಿಲ್ಲ. ಹೋಗೋಣವೆಂದರೆ ಮರೆಯಾಗಲು ಆ ಬಯಲಲ್ಲಿ ಒಂದು ಕಲ್ಲೂ ಇಲ್ಲ. ಹಕ್ಕಿಯ ಕಣ್ಣಿಗೆ ಕಾಣದಷ್ಟು ದೂರ ನಡೆಯುವುದರೊಳಗೆ ಮೊಟ್ಟೆ ಬೆಂದುಹೋದೀತು. ಕೈ ಸೋಲುತ್ತ ಬಂತು.

ಹೆಂಗಸು ಅವನನ್ನು ಕಂಡಳು. ಒಂಟೆಗಳನ್ನು ಮೇಯಿಸುತ್ತಲೇ ಆ ಕಡೆ ತಿರುಗಿಸಿದಳು. ತಾನು ಅವುಗಳ ನಡುವೆ ಬಗ್ಗಿ ನಡೆದು ಬಂದಳು.

"ಕಾವು ಕೂರುವುದಾದರೆ ಹೇಳು ಅಣ್ಣಾ, ರೊಟ್ಟಿ ಇಲ್ಲಿಗೇ ತಂದುಕೊಡುತ್ತೇನೆ," ಅಂದಳು.

"ತಪ್ಪಾಯಿತು ತಾಯಿ. ಈಗ ಹೇಗೆ ಹೋಗಲಿ?"

"ಒಂಟೆಯ ಹಾಗೆ ಹೋಗು. ಬಗ್ಗು. ಇನ್ನೂ ಬಗ್ಗು! ಮೊಟ್ಟೆ ಬೇಯುತ್ತಿದೆ, ಇವನಿಗೆ ನಾಚಿಕೆ."

ಅವನು ಸೊಂಟ ಬಗ್ಗಿಸಿ, ಒಂದು ಒಂಟೆಯ ಹೊಟ್ಟೆಗೆ ಕೆನ್ನೆ ಹಚ್ಚಿ, ಅದು ಇಟ್ಟಂತೆ ತಾನೂ ಹೆಜ್ಜೆ ಇಟ್ಟ. ಕ್ಯಾಮೆರಾ ಕೊರಳಲ್ಲಿ ತೂಗುತ್ತಿತ್ತು. ಒಂಟೆಗಳು ಮೆಲ್ಲಗೆ ಸರಿದವು.

ಆಗ ಹಕ್ಕಿ ಬಂತು ಮಗಾ. ಒಂಟೆಗಳ ನಡುವೆಯೇ ಹಾದು ಬಂತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಂಟೆಯ ಕಾಲಿನ ಸಂದಿಯಿಂದ ಅವನು ನೋಡಿದ. ಕಣ್ಣಿನ ರೆಪ್ಪೆ ಕಂಡಿತು. ಎದೆಯ ಒಂದೊಂದು ಗರಿ ಕಂಡಿತು. ಅದು ಉಸಿರು ಬಿಡುವುದೂ ಕೇಳಿಸಿತು. ಅವನ ಉಸಿರು ಎಲ್ಲಿ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ. ಹಕ್ಕಿ ಅವನನ್ನು ದಾಟಿ ಹೋಗಿ ಮೊಟ್ಟೆಯ ಬಳಿ ನಿಂತಿತು. ಕತ್ತು ಬಗ್ಗಿಸಿ ಕೊಕ್ಕಿನಿಂದ ಒಮ್ಮೆ ಮುಟ್ಟಿ ನೋಡಿತು.

ಇಷ್ಟು ಹೇಳಿ ಬಾಳವ್ವ ಇನ್ನೊಂದು ಬತ್ತಿಗೆ ಹತ್ತಿ ಎತ್ತಿಕೊಂಡಳು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಅಷ್ಟು ಹತ್ತಿರ! ಹೇಳವ್ವಾ, ಆ ಫೋಟೋ ಅವನಿಗೆ ಸಿಕ್ಕಿತೇ?"

ಬಾಳವ್ವ ಅವನ ಮುಖ ನೋಡಿದಳು.

"ಮೊಟ್ಟೆ ಉಳಿಯಿತೇ ಎಂದು ನೀನು ಕೇಳಲಿಲ್ಲ, ಮಗಾ."