ಸೋಮವಾರದ ಮೌನ

ಮರಡಿಕಟ್ಟೆಯ ಮಠ ಹೆಸರಿಗಷ್ಟೇ ಮಠ. ನೋಡಿದರೆ ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಬೇವಿನ ಮರ. ಪೂಜ್ಯ ಮರುಳಾರ್ಯ ಶಿವಯೋಗಿಗಳು ಆ ಮರದ ನೆರಳಿನಲ್ಲಿ ಕುಳಿತು ಬಾವಿಯ ಹಗ್ಗವನ್ನು ತಾವೇ ಹೊಸೆಯುತ್ತಿದ್ದರು. ಸೋಮವಾರ ಅವರಿಗೆ ಮೌನ. ಇಪ್ಪತ್ತೆರಡು ವರ್ಷಗಳಲ್ಲಿ ಆ ವ್ರತ ಒಮ್ಮೆಯೂ ತಪ್ಪಿರಲಿಲ್ಲ. ಅಂದು ಅವರು ಸನ್ನೆ ಮಾಡಿ ನೀರು ಕೇಳಿದರೆ ಶಿಷ್ಯರು ಬೀಸಣಿಗೆ ತರುವುದು, ಅವರು ನಕ್ಕು ತಾವೇ ಎದ್ದುಹೋಗುವುದು ಮಾಮೂಲಾಗಿತ್ತು.

ಅಂಥದೊಂದು ಸೋಮವಾರ ಮಧ್ಯಾಹ್ನ ಊರ ಶಾಲೆಯ ಗುರುಪಾದಯ್ಯ ಮಾಸ್ತರರು ಎಂಟು ವರ್ಷದ ಮಗಳು ಶಾಂಭವಿಯ ಕೈಹಿಡಿದು ಬಂದರು. ಮಗುವಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಸನ್ನೆ ರೂಢಿಯಾದರೆ ನಾಲಿಗೆ ಎಂದೂ ಹೊರಳದು ಎಂದು ಯಾರೋ ಹೇಳಿದ್ದನ್ನೇ ಮಾಸ್ತರರು ಗಟ್ಟಿಯಾಗಿ ಹಿಡಿದಿದ್ದರು; ಅವಳೊಡನೆ ಯಾರೂ ಕೈಯಲ್ಲಿ ಮಾತಾಡಕೂಡದೆಂದು ತರಗತಿಗೆ ಕಟ್ಟಪ್ಪಣೆ ಮಾಡಿದ್ದರು. ಪಾಪ, ಮಕ್ಕಳಾದರೂ ಏನು ಮಾಡಿಯಾರು? ಬಾಯಿಂದ ಆಡಿದ್ದು ಅವಳಿಗೆ ಮುಟ್ಟದು, ಕೈಯಿಂದ ಆಡಿದರೆ ಮಾಸ್ತರರ ಬೆತ್ತ. ಮಕ್ಕಳು ಮೆಲ್ಲಗೆ ಅವಳಿಂದ ದೂರ ಸರಿದರು. ಆಟದ ಹೊತ್ತಿನಲ್ಲಿ ಶಾಂಭವಿ ಕಂಬಕ್ಕೊರಗಿ ಅವರನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಹಾಗೆಂದು ಮಾಸ್ತರರನ್ನು ಕಟುಕರೆನ್ನಬೇಡಿ. ಮಗಳ ಬಾಯಿಂದ ಒಂದು ಕರೆ ಕೇಳಬೇಕೆಂಬ ಹಂಬಲ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಬೀದಿಯಲ್ಲಿ ಯಾರದೋ ಮಗು ‘ಅಪ್ಪಾ’ ಎಂದರೆ ಅವರು ತಿರುಗಿ ನೋಡುತ್ತಿದ್ದರು. ಪವಾಡಗಳನ್ನು ನಂಬದ ಆ ಮನುಷ್ಯ ಅಂದು ಸೋತು ಗುರುಗಳ ಪಾದದ ಬಳಿ ಕುಳಿತರು.

“ಒಂದ ಸಲ ನನ್ನ ‘ಅಪ್ಪಾ’ ಅಂತ ಕರೀಲ್ರಿ ಅಜ್ಜಾರ. ಮುಂದ ನಾ ಏನೂ ಬೇಡೂದಿಲ್ಲ.”

ಶಿವಯೋಗಿಗಳು ಹಗ್ಗದ ತುದಿ ಹಿಡಿಯಲು ಯಾರಾದರೂ ಬೇಕೆಂದು ಕೈಯಾಡಿಸಿದರು. ಶಿಷ್ಯರು ಚಾಪೆ ತರಲು ಓಡುವಷ್ಟರಲ್ಲಿ ಶಾಂಭವಿ ತುದಿ ಹಿಡಿದಾಗಿತ್ತು. ಗುರುಗಳ ಮುಖ ಅರಳಿತು. ಹೊಸೆಯುವುದನ್ನು ಬಿಟ್ಟು, ಯಾವುದೋ ಕಥೆಯನ್ನು ಕೈಯಲ್ಲೇ ಹೇಳತೊಡಗಿದರು. ಅವಳು ನಕ್ಕಳು, ಅವರಿಗೇ ಮರುಪ್ರಶ್ನೆ ಹಾಕಿದಳು. ಪ್ರಸಾದಕ್ಕೆ ಬಂದ ಶಾಲೆಯ ಮಕ್ಕಳು ಸುತ್ತ ನೆರೆದರು. ಕಥೆ ಏನೆಂದು ಅವರಲ್ಲಿ ಒಬ್ಬರಿಗೂ ತಿಳಿಯದು, ತಿಳಿದವಳು ಶಾಂಭವಿಯೊಬ್ಬಳೇ. ಕೊನೆಗೆ ನೀಲವ್ವ ಎಂಬ ಹುಡುಗಿ ತಡೆಯಲಾರದೆ, ಮಾಸ್ತರರತ್ತ ಅಂಜುತ್ತ ನೋಡಿ, ಏನಂತೆ ಎಂದು ಕೈ ತಿರುಗಿಸಿ ಅವಳನ್ನೇ ಕೇಳಿದಳು.

ಶಾಂಭವಿಗೆ ಹಿಗ್ಗೋ ಹಿಗ್ಗು. ಉತ್ತರ ಹೇಳುವ ಮುನ್ನ ತಂದೆಯನ್ನೂ ಕೂಡಿಸಿಕೊಳ್ಳಬೇಕೆನಿಸಿತೇನೋ, ಅವರ ಕಡೆ ತಿರುಗಿ ಮೂರು ಬೆರಳನ್ನು ತನ್ನ ಹಣೆಯ ಮೇಲೆ ಅಡ್ಡಕ್ಕೆ ಎಳೆದಳು. ದಿನವೂ ಮೂರೆಳೆ ವಿಭೂತಿ ಧರಿಸುವ ತಂದೆಗೆ ಅವಳು ಇಟ್ಟ ಹೆಸರದು. ಮಾಸ್ತರರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ, ಎಂದಿನಂತೆ ಅವಳ ಕೈಯನ್ನು ಕೆಳಗಿಳಿಸಲು ಕೈ ಚಾಚಿದರು.

ಆಗ ಶಿವಯೋಗಿಗಳು ವ್ರತ ಮುರಿದು ಮಾತಾಡಿದರು.

“ಕರಿಯಾಕತ್ತಾಳ್ರಿ ಮಾಸ್ತರ. ಓ ಅನ್ರಿ.”

ಶಿಷ್ಯರು ಬೆಪ್ಪಾಗಿ ನಿಂತರು. ಮಾಸ್ತರರ ಚಾಚಿದ ಕೈ ನಡುವೆಯೇ ನಿಂತಿತು. ಇಷ್ಟು ವರ್ಷಗಳಲ್ಲಿ ಅವಳು ಎಷ್ಟು ಸಲ ಕರೆದಿದ್ದಳೋ, ಅಷ್ಟೂ ಸಲ ತಾವೇ ಆ ಕರೆಯನ್ನು ಅದುಮಿದ್ದು ಅವರಿಗೆ ನೆನಪಾಯಿತು. ಓ ಎನ್ನಲು ದನಿ ಹೊರಡಲಿಲ್ಲ. ಎದೆಯ ಮೇಲೆ ಕೈಯಿಟ್ಟು ಮಗಳಿಗೆ ತಲೆಯಾಡಿಸಿದರು.

ಮರುದಿನ ಅವರು ಬೆತ್ತವಿಲ್ಲದೆ ತರಗತಿಗೆ ಬಂದರು. ಶಾಂಭವಿಯ ಮಾತನ್ನು ಎಲ್ಲರೂ ಕಲಿಯಬೇಕು, ಕಲಿತದ್ದನ್ನು ತಮಗೂ ಹೇಳಿಕೊಡಬೇಕು ಎಂದು ಮಕ್ಕಳನ್ನು ಕೇಳಿಕೊಂಡರು. ತಿಂಗಳೊಳಗೆ ಅಲ್ಲಿ ಸದ್ದಿಲ್ಲದೆ ಹರಟೆ ನಡೆಯತೊಡಗಿತು; ಅದನ್ನು ಪತ್ತೆ ಹಚ್ಚುವುದೇ ಮಾಸ್ತರರಿಗೆ ಕಷ್ಟವಾಯಿತು.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅವರು ಬಯಲಿನಂಚಿನಲ್ಲಿ ನಿಂತು, ಮನೆಗೆ ಹೋಗೋಣ ಬಾ ಎಂದು ಮಗಳಿಗೆ ಕೈಮಾಡಿದರು. ಗೆಳತಿಯರ ನಡುವೆ ಕುಂಟೆಬಿಲ್ಲೆ ಆಡುತ್ತಿದ್ದವಳು ಒಮ್ಮೆ ನೋಡಿ, ಆಮೇಲೆ ಬರುತ್ತೇನೆ, ನೀನು ಹೋಗು ಎಂದು ಕೈಬೀಸಿ ಮತ್ತೆ ಆಟಕ್ಕೆ ತಿರುಗಿದಳು. ಮಾಸ್ತರರು ಮಠದ ಕಡೆ ಮುಖಮಾಡಿ ಕೈಮುಗಿದರು. ಮನೆಗೆ ಹೋಗದೆ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತರು. ಮಗಳಿಗಾಗಿ ಕಾಯುವುದು ಇಷ್ಟು ಸುಖವೆಂದು ಅವರಿಗೆ ಅಂದಿನವರೆಗೆ ಗೊತ್ತಿರಲಿಲ್ಲ.