ಹಾರದ ಎರಡನೆಯ ಗುಂಡು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ಹೆಂಡತಿಯ ಸೋದರಮಾವ ಪೂಣಚ್ಚನವರು. ಅವರು ಹೇಳಿದಷ್ಟನ್ನೇ ಹೇಳುತ್ತೇನೆ.

ಕೊಡಗಿನ ಒಂದು ಹೊಳೆಯ ದಡದಲ್ಲಿ ಅಯ್ಯಣ್ಣ ಗುರುಗಳ ಆಶ್ರಮವಿತ್ತು. ಕಾವಿ ಉಡುವ ಮೊದಲು ಅವರು ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯ ಉತ್ತಯ್ಯ ತನ್ನ ಅಪ್ಪನ ಹಳೆಯ ಕೋವಿ ಹೊತ್ತು ಬಂದ. ಸಣ್ಣ ತೋಟಾದ ಕೋವಿ. ಒಂದು ಗುಂಡು ಹಾರಿದರೆ ಮುಂದಿನದನ್ನು ತಾನೇ ತುಂಬಿಕೊಳ್ಳುವಂಥದು.

“ಗುರುಗಳೇ, ಇದನ್ನು ಹೊಳೆಗೆ ಎಸೆಯಲೇ?”

“ಒಳಗೆ ತೋಟಾ ಇಲ್ಲವೆಂದು ಮೊದಲು ತೋರಿಸು. ಎಸೆಯುವ ಮಾತು ಆಮೇಲೆ.”

ಉತ್ತಯ್ಯ ತೆರೆದು ತೋರಿಸಿ, ನಡೆದದ್ದನ್ನು ಹೇಳಿದ.

ಆ ಕಡೆ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಹಾರಿಸಿ ಊರಿಗೆ ತಿಳಿಸುವ ರೂಢಿ. ಹೋದ ತಿಂಗಳು ಅವನ ಅಪ್ಪ ತೀರಿಕೊಂಡಾಗ ಅವನು ಅಂಗಳದಲ್ಲಿ ನಿಂತು ಟ್ರಿಗರ್ ಎಳೆದ. ಮೊದಲನೆಯದು ಹಾರಿತು. ಎರಡನೆಯದು ಟಿಕ್ ಎಂದಿತು, ಅಷ್ಟೆ.

“ನನ್ನ ಹೆಂಡತಿ ತುಂಬು ಬಸುರಿ. ಒಂದೇ ಗುಂಡಿನ ಸದ್ದು ಕೇಳಿ ಪಕ್ಕದ ಮನೆಯ ಚಿಟ್ಟಿಯಪ್ಪ ಮಾವ ಜೇನಿನ ಬಾಟಲಿ ಹಿಡಿದು ನಗುತ್ತಾ ಬಂದರು. ‘ಏನೋ ಉತ್ತಯ್ಯ, ಮೂಗು ನಿನ್ನದೋ, ಪುಣ್ಯಕ್ಕೆ ತಾಯಿಯದೋ?’ ಅಂದರು. ಅಪ್ಪನ ಹೆಣ ನಡುಮನೆಯಲ್ಲಿತ್ತು.”

ಗುರುಗಳು ಕೋವಿಯನ್ನು ತಮ್ಮ ಮಡಿಲಿಗೆ ಎತ್ತಿಕೊಂಡರು.

“ಅಂದಿನಿಂದ ಅವ್ವ ನನ್ನ ಹತ್ತಿರ ಆಡಿದ್ದು ಒಂದೇ ಮಾತು. ‘ಅಪ್ಪನ ಕೋವಿಯನ್ನೂ ನೋಡಿಕೊಳ್ಳಲಾರದವನು ನೀನು. ಅದನ್ನು ನನ್ನ ಕಣ್ಣೆದುರಿಂದ ತೆಗೆ.’ ನಾನು ಹೊಸ ತೋಟಾ ತಂದೆ. ಸ್ಪ್ರಿಂಗ್ ಬದಲಿಸಿದೆ, ಪಿನ್ನೂ ಬದಲಿಸಿದೆ. ಈಗಲೂ ಮೊದಲನೆಯದು ಹಾರುತ್ತದೆ, ಎರಡನೆಯದು ಇಲ್ಲ.”

“ಹಾರದ ತೋಟಾವನ್ನು ನೋಡಿದೆಯಾ?”

“ಕೆಟ್ಟದ್ದನ್ನು ಏನು ನೋಡುವುದು, ಗುರುಗಳೇ?”

“ತಾ ಇಲ್ಲಿ.”

ಜೇಬಿನಿಂದ ಹಾರದ್ದೊಂದು, ಹಾರಿದ್ದರ ಖಾಲಿ ಕವಚವೊಂದು ತೆಗೆದುಕೊಟ್ಟ. ಗುರುಗಳು ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡರು. ಖಾಲಿಯದರ ಅಂಚಿನಲ್ಲಿ ಪಿನ್ನು ಹೊಡೆದ ಆಳವಾದ ಗುರುತು. ಹಾರದ್ದರಲ್ಲಿ ಉಗುರು ತಾಗಿದಷ್ಟೇ.

“ಪಿನ್ನು ಮುಟ್ಟಿದೆ, ಹೊಡೆದಿಲ್ಲ. ಮೊದಲ ಸಲ ತೋಟಾದ ಹಿಂದೆ ಮುಚ್ಚುವ ಈ ಬೋಲ್ಟನ್ನು ನೀನೇ ದೂಡಿ ಮುಚ್ಚುತ್ತೀಯ. ಎರಡನೆಯ ಸಲ ಅದು ತಾನೇ ಬಂದು ಮುಚ್ಚಿಕೊಳ್ಳಬೇಕು. ದಾರಿಯಲ್ಲಿ ಏನೋ ತಡೆಯುತ್ತಿದೆ.”

ಬೋಲ್ಟನ್ನು ಬಿಚ್ಚಿ, ಬಿದಿರಿನ ಕಡ್ಡಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದರ ಸಂದುಗಳನ್ನು ಕೆದಕಿದರು. ಹಳದಿಯ ಗಟ್ಟಿ ಚೂರುಗಳು ಉದುರಿದವು.

ಉತ್ತಯ್ಯ ಒಂದನ್ನು ಮೂಸಿ ನೋಡಿದ. ಅವನ ಮುಖ ಇಳಿದುಹೋಯಿತು.

“ಗಂಧ.”

“ಒಳಗೆ ಹೇಗೆ ಬಂತು?”

“ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡುತ್ತೇವಲ್ಲ. ಅಪ್ಪ ಮರದ ಹಿಡಿಗೆ ಒಂದೇ ಬೊಟ್ಟು ಇಡುತ್ತಿದ್ದರು. ಅವರು ಹಾಸಿಗೆ ಹಿಡಿದ ಮೇಲೆ ಪೂಜೆ ನನ್ನ ಪಾಲಿಗೆ ಬಂತು. ಎಲ್ಲ ಬಿಚ್ಚಿ ಒಳಗೂ ಹಚ್ಚಿದೆ. ಅವರು ಬದುಕಲಿ ಅಂತ.”

“ಆಮೇಲೆ ಒರೆಸಲಿಲ್ಲವೇ?”

“ದೇವರ ಗಂಧ ಒರೆಸುವುದು ಹೇಗೆ?”

ಗುರುಗಳು ಒಂದು ಹಳೆಯ ಬಟ್ಟೆಯನ್ನು ಅವನ ಕೈಗಿತ್ತರು. ಬಹಳ ಹೊತ್ತು ಅದನ್ನು ಹಿಡಿದು ಕೂತಿದ್ದು, ಆಮೇಲೆ ಅವನು ಒರೆಸಿದ.

ಕೋವಿ ಜೋಡಿಸಿ ಮಣ್ಣಿನ ದಿಬ್ಬಕ್ಕೆ ಐದು ಗುಂಡು ಹೊಡೆದ. ಐದೂ ಹಾರಿದವು.

ಆದರೂ ಅವನು ಮನೆಗೆ ಹೊರಡಲಿಲ್ಲ.

“ಅವ್ವನಿಗೆ ಏನೆಂದು ಹೇಳಲಿ?”

ಗುರುಗಳು ಆ ಕೊಳೆ ಬಟ್ಟೆಯನ್ನು ಮಡಚಿ ಅವನ ಜೇಬಿನಲ್ಲಿಟ್ಟರು.

“ಏನೂ ಹೇಳಬೇಡ. ಇದನ್ನು ಅವರ ಕೈಗೆ ಕೊಡು. ಸೀಮೆಎಣ್ಣೆಯ ನಾತದೊಳಗೂ ಅವರಿಗೆ ಗಂಧ ಗೊತ್ತಾಗುತ್ತದೆ.”

ಓದಿದವರು ದಯವಿಟ್ಟು ಇನ್ನೊಬ್ಬರಿಗಾದರೂ ಇದನ್ನು ಬಾಯಾರೆ ಹೇಳಿ.