ಸುಂಕವ್ವನ ಬಾಕಿ ಪಾಳಿ

ಒಂದಾನೊಂದು ಕಾಲದಲ್ಲಿ ಬಾವಿ ತೋಡೋ ಗುಂಪಿಗೆ ಸುಂಕವ್ವ ಅಂತ ಒಬ್ಬಳು ಯಜಮಾನಿ ಇದ್ದಳಂತೆ, ಕತೆ ಶುರುವಾಗೋ ಹೊತ್ತಿಗೇ ದಾರಿ ತಪ್ಪಿ ನಿಂತಿದ್ದಳಂತೆ, ಏನ್ಮಾಡೋದು. ಕುರಿ ಕಾಯ್ತಿದ್ದ ಮುದುಕನ್ನ, ಅಣ್ಣಾ, ಓಬಯ್ಯನ ಹೆಂಡ್ತಿ ಈರಕ್ಕನ ಹಟ್ಟಿ ಯಾವ ಕಡೆ ಅಂತ ಕೇಳಿದಳಂತೆ. ಬಾವೀಲಿ ಸತ್ತನಲ್ಲ, ಆ ಓಬಯ್ಯನಾ? ಹೂಂ, ನಾನು ತೋಡಿಸ್ತಿದ್ದ ಬಾವೀಲೇ ಸತ್ತಿದ್ದು ಅಂದಳಂತೆ. ಮುದುಕ ಮುಖ ನೋಡದೆ ಕೋಲಲ್ಲೇ ದಾರಿ ತೋರಿಸಿದನಂತೆ.

ಆಗಿದ್ದೇನಪ್ಪಾ ಅಂದ್ರೆ, ಮೊದಲನೇ ಬಾವೀಲಿ ಹಗ್ಗ ಹಿಡಿದೋರು ಮನಸ್ಸು ಬಂದಾಗ ಎಳೆಯೋರು, ಎಲೆಅಡಿಕೆ ನೆನಪಾದಾಗ ಬಿಡೋರು, ಆಮೇಲೆ ಕಲ್ಲಿನ ಬುಟ್ಟಿ ಜಾರಿ ಒಬ್ಬನ ಭುಜ ಮುರೀತಂತೆ. ಅದಕ್ಕೇ ಎರಡನೇ ಬಾವಿಗೆ ಸುಂಕವ್ವ, ನಾನು ಹೇಳದೆ ಯಾರೂ ಹಗ್ಗ ಎಳೆಯೋ ಹಂಗಿಲ್ಲ ಅಂತ ಕಟ್ಟಪ್ಪಣೆ ಮಾಡಿದಳಂತೆ, ಬಾವಿ ಹೂವೆತ್ತಿದ ಹಾಗೆ ಮುಗೀತಂತೆ, ಅವಳಿಗೂ ಸ್ವಲ್ಪ ಜಂಬ ಬಂತಂತೆ. ಆಮೇಲೆ ಮೂರನೇ ಬಾವಿ. ಅವತ್ತು ಇಳಿಯೋ ಪಾಳಿ ಅವಳದೇ. ಊರ ಗೌಡ ಕರೆದ ಅಂತ, ಓಬಯ್ಯಾ, ಇವತ್ತು ನೀನಿಳಿ, ನಿನ್ನ ಪಾಳಿ ನಾನು ತೀರಿಸ್ತೀನಿ ಅಂದು ಹೋದಳಂತೆ. ಗೌಡನ ಜಗಲೀಲಿ ಅವಳು ಮಜ್ಜಿಗೆ ಕುಡೀತಿದ್ರೆ ಇಲ್ಲಿ ಮಣ್ಣು ಸಡಿಲಾಯ್ತಂತೆ, ಎಳೀರೋ ಎಳೀರೋ ಅಂತ ಓಬಯ್ಯ ಕೂಗಿದನಂತೆ. ತಡಿಯೋ, ಅಕ್ಕ ಬರಲಿ, ಕರೆಯೋಕೆ ಓಡಿದಾರೆ ಅಂದರಂತೆ ಮೇಲಿದ್ದೋರು. ಅವಳು ಬರೋ ಹೊತ್ತಿಗೆ ಕೂಗು ನಿಂತಿತ್ತಂತೆ. ಹಗ್ಗ ಮಾತ್ರ ಯಾರೂ ಬಿಟ್ಟಿರಲಿಲ್ಲವಂತೆ. ಯಾರನ್ನ ಬೈತಾಳೆ ಹೇಳು ಮಗಾ, ಅವಳು ಹೇಳಿದ್ದನ್ನೇ ಮಾಡಿದ್ರು. ಹೆಣ ತೆಗೆದರಂತೆ, ಬಾವಿ ಅರ್ಧಕ್ಕೇ ನಿಂತುಹೋಯ್ತಂತೆ.

ಈರಕ್ಕ ಹಟ್ಟಿ ಬಾಗಿಲಲ್ಲಿ ಸುಂಕವ್ವನ್ನ ಕಂಡು, ಅಳೋಕೆ ಬಂದ್ಯೇನು, ಕಣ್ಣೀರು ನನ್ನ ಹತ್ರನೇ ಬೇಕಾದಷ್ಟಿದೆ ಅಂದಳಂತೆ. ಇಲ್ಲಮ್ಮಾ, ನಿನ್ನ ಗಂಡನಿಗೆ ಒಂದು ಪಾಳಿ ಬಾಕಿ ಇದೀನಿ, ಅದೇ ಬಾವಿಗಿಳೀತೀನಿ, ರಾಟೆ ಹಗ್ಗ ನೀನೊಬ್ಬಳೇ ಹಿಡಿ ಅಂದಳಂತೆ ಸುಂಕವ್ವ. ಯಾರು ಹೇಳಿದಾಗ ಎಳೀಬೇಕು ಅಂದಳಂತೆ ಈರಕ್ಕ. ದಿನಾ ನನ್ನ ಮಾತೇ ನಡೀಲಿ, ಕೆಳಗಿಂದ ಕೂಗು ಬಂದ್ರೆ ಮಾತ್ರ ನನ್ನ ಮಾತು ಮುರೀಬೇಕು, ಗುಂಪಿನೋರಿಗೂ ಹಾಗೇ ಹೇಳಿ ಬಂದಿದೀನಿ ಅಂದಳಂತೆ ಸುಂಕವ್ವ. ನಾನು ಎಳೀದೇ ಹೋದ್ರೆ? ಸುಂಕವ್ವ ಹಾರೆ ಎತ್ತಿ ಹೆಗಲಿಗಿಟ್ಟಳಂತೆ.

ಆಮೇಲೆ ಇಬ್ಬರೂ ಹೋದರಂತೆ, ಅವಳು ಇಳಿದು ಅಗೆದಳಂತೆ, ಅಗೆದಳಂತೆ, ಕಾಲಡಿ ತಣ್ಣಗೆ ನೀರು ಜಿನುಗಿತಂತೆ. ಅದರ ಬೆನ್ನಿಗೇ ಪಕ್ಕದ ಮಣ್ಣು ಉದುರೋಕೆ ಹತ್ತಿತಂತೆ. ಈರಕ್ಕಾ, ಎಳಿ! ಹಗ್ಗ ಅಲ್ಲಾಡಲಿಲ್ಲವಂತೆ. ತಲೆ ಎತ್ತಿದ್ರೆ ಬಾವಿಯ ಬಾಯಿ, ಅದರಾಚೆ ತಟ್ಟೆಯಷ್ಟು ಆಕಾಶ. ಓಬಯ್ಯ ಕಡೇಗೆ ಕಂಡಿದ್ದೂ ಇಷ್ಟೇ ಅಂದ್ಕೊಂಡಳಂತೆ. ಆಗ ಹಗ್ಗ ಬಿಗೀತಂತೆ. ಮೇಲೆ ಬಂದು ನೋಡಿದ್ರೆ ಈರಕ್ಕನ ಅಂಗೈ ಸುಲಿದು ರಕ್ತ ಸುರೀತಿತ್ತಂತೆ. ಇಬ್ಬರೂ ಏದುಸಿರು ಬಿಡ್ತಾ ಕೂತರಂತೆ. ಕಡೇಗೆ ಈರಕ್ಕ ಅವಳ ಕೈಯಿಂದ ಹಾರೆ ಇಸ್ಕೊಂಡು, ಪಾಳಿ ತೀರ್ತು, ಏಳಕ್ಕಾ, ಉಂಡು ಹೋಗು ಅಂದಳಂತೆ.

ಅವಳ ಬಾಕಿ ತೀರ್ತು, ನನ್ನ ಕತೆ ಮುಗೀತು. ಮಲಗಿನ್ನು.